ಪೆನ್ಸಿಲಿನ ಸನ್ನೆ

ಹೆಂಡತಿ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿದ್ದೇ ತಡ, ಗಂಡ ಮರಕ್ಕೆ ಕೆಂಪು ಬಳಿದ. ಶಾಲೆಯ ಮೇಲ್ವಿಚಾರಕನಿಗೆ ಇನ್ನು ಅನುಮಾನ ಉಳಿಯಲಿಲ್ಲ, ತೀರ್ಪು ಅವಳದೇ. ಕೆಂಪು ಎಂದರೆ ಕಡಿಯಬೇಕು, ಹಸಿರು ಎಂದರೆ ಉಳಿಸಬಹುದು. ಬೆಳಗಿನಿಂದ ಇದು ಒಂಬತ್ತನೆಯ ಕೆಂಪು.

ನಲವತ್ತು ಎಕರೆಯ ವಸತಿ ಶಾಲೆ, ಆರುನೂರು ಮರ. ಹೋದ ವರ್ಷ ಕೊಂಬೆ ಮುರಿದು ಬಿದ್ದು ಏಳನೇ ತರಗತಿಯ ಹುಡುಗಿಯೊಬ್ಬಳ ಕಾಲು ಹೋಗಿತ್ತು. ಅಂದಿನಿಂದ ಗಾಳಿ ಬೀಸಿದರೆ ಸಾಕು, ಮೇಲ್ವಿಚಾರಕನ ಎದೆ ಡವಗುಟ್ಟುತ್ತಿತ್ತು. ಹುಡುಕಿ ಹುಡುಕಿ ಈ ಮನುಷ್ಯನನ್ನು ಕರೆಸಿದ್ದ. ಮೂವತ್ತು ವರ್ಷದ ಕಸುಬು. ಎಲ್ಲರ ಬಾಯಲ್ಲೂ ಅವನು ಮರದ ಡಾಕ್ಟರು. ಕಾಂಡಕ್ಕೆ ಮರದ ಸುತ್ತಿಗೆಯಿಂದ ಬಡಿದರೆ ಸಾಕು, ಒಳಗೆ ಗಟ್ಟಿಯೋ ಟೊಳ್ಳೋ ಸದ್ದಿನಲ್ಲೇ ಹೇಳುತ್ತಾನಂತೆ. ಬರೆದುಕೊಳ್ಳಲು ಜೊತೆಗೆ ಹೆಂಡತಿ.

ಆದರೆ ಈ ಡಾಕ್ಟರು ಬಡಿದ ಮೇಲೆ ನೋಡುತ್ತಿದ್ದದ್ದು ಹೆಂಡತಿಯ ಕೈಯನ್ನು. ಗರ್ವ ಬೇರೆ, ಹಿಂದಿನಿಂದ ಮೂರು ಸಲ ಕರೆದರೂ ತಿರುಗಿರಲಿಲ್ಲ. ಗೇಟಿನ ಬಳಿ ದಿಮ್ಮಿ ವ್ಯಾಪಾರಿ ಅವನನ್ನು ಏನೋ ಕೇಳಿದರೆ, ಉತ್ತರ ಕೊಟ್ಟವಳು ಹೆಂಡತಿ. ಕೆಂಪು ಹೆಚ್ಚಿದಷ್ಟೂ ದಿಮ್ಮಿ ಹೆಚ್ಚು, ವ್ಯಾಪಾರ ಕುದುರಿಸುವವಳು ಅವಳೇ ಎಂದು ಮೇಲ್ವಿಚಾರಕ ಲೆಕ್ಕ ಹಾಕಿದ.

ಈಗ ಊಟದ ಅಂಗಳದ ದೊಡ್ಡ ಮರ. ಇನ್ನು ಹತ್ತು ನಿಮಿಷಕ್ಕೆ ಗಂಟೆ ಹೊಡೆದರೆ ಇನ್ನೂರು ಮಕ್ಕಳು ಅದರ ಬುಡಕ್ಕೇ ಓಡಿ ಬರುತ್ತಾರೆ. ಇಲ್ಲಾದರೂ ಮೇಲ್ವಿಚಾರಕನಿಗೆ ಸತ್ಯ ಬೇಕಿತ್ತು. ಡಾಕ್ಟರ ಹೆಂಡತಿಯನ್ನು ಕಚೇರಿಗೆ ಕಳಿಸಿ, ಕಿಟಕಿಯ ಪರದೆ ಎಳೆಸಿದ. ಹೋಗುವಾಗ ಆಕೆಯ ಮುಖದಲ್ಲಿ ರಕ್ತವಿರಲಿಲ್ಲ.

ಡಾಕ್ಟರು ಎದುರಿಗೆ ಬಂದು ಮೇಲ್ವಿಚಾರಕನ ಬಾಯನ್ನೇ ದಿಟ್ಟಿಸಿದ. "ಅವಳಿಲ್ಲದೆ ನನ್ನ ಕೈಲಾಗಲ್ಲ ಸಾರ್. ಕೈ ಮುಗೀತೀನಿ."

"ಮರ ಮಾತಾಡೋದು ನಿಮ್ಮ ಹತ್ರಾನೋ, ಅವರ ಹತ್ರಾನೋ?"

ಅವನು ತಲೆ ತಗ್ಗಿಸಿದ. ಈ ಕಸುಬೊಂದು ಬಿಟ್ಟರೆ ತನಗೆ ಬೇರೇನೂ ಬರುವುದಿಲ್ಲ, ಅದನ್ನು ಕಿತ್ತುಕೊಳ್ಳಬೇಡಿ ಎಂದು ಗೋಗರೆದ. ಮೇಲ್ವಿಚಾರಕ ಜಗ್ಗಲಿಲ್ಲ. ಬೆಳಗಿನಿಂದ ದೂರ ನಿಂತಿದ್ದವನು ಈ ಸಲ ಪಕ್ಕದಲ್ಲೇ ನಿಂತ.

ಡಾಕ್ಟರು ಬಡಿದ. ಕಾಂಡಕ್ಕೆ ಅಂಗೈ ಒತ್ತಿ ಮತ್ತೆ ಬಡಿದ. ಬೆವರು ಕಣ್ಣಿಗಿಳಿಯಿತು. ಪರದೆ ಎಳೆದ ಕಿಟಕಿಯತ್ತ ಒಮ್ಮೆ ನೋಡಿದ. ಕೊನೆಗೆ ಹಸಿರು ಬಳಿದ.

ಮೇಲ್ವಿಚಾರಕ ಬೆಚ್ಚಿಬಿದ್ದ. ಖಾಲಿ ಹಂಡೆ ಬಡಿದ ಹಾಗೆ ಡಬಡಬ ಎಂದದ್ದು ಮರದ ಗಂಧಗಾಳಿಯಿಲ್ಲದ ಅವನಿಗೂ ಕೇಳಿಸಿತ್ತು. ಗಂಟೆ ಹೊಡೆಯಬೇಡ ಎಂದು ಕಾವಲುಗಾರನಿಗೆ ಕೂಗಿ ಹೇಳಿದ. ಸಿಟ್ಟು ನೆತ್ತಿಗೇರಿತ್ತು.

"ಮಕ್ಕಳ ಪ್ರಾಣದ ಜೊತೆ ಆಟ ಆಡ್ತೀರಾ?" ಎಂದು ಡಾಕ್ಟರ ಬೆನ್ನ ಹಿಂದೆ ನಿಂತು ಅಬ್ಬರಿಸಿದ. ಡಾಕ್ಟರು ನಿಧಾನವಾಗಿ ಬ್ರಷ್ಷು ಒರೆಸುತ್ತಲೇ ಇದ್ದ. ಮೇಲ್ವಿಚಾರಕ ಮತ್ತೆ ಅಬ್ಬರಿಸಿದ. ಕಚೇರಿಯಿಂದ ಹೆಂಡತಿ ಓಡಿ ಬಂದಳು. ಹಸಿರು ಗುರುತು ಕಂಡವಳೇ ಅಲ್ಲೇ ಕುಸಿದು ಕೂತಳು.

"ಮುಂದೆ ಬಂದು ಹೇಳಿ ಸಾರ್," ಎಂದಳು. "ಹಿಂದಿನಿಂದ ಕೂಗಿದ್ರೆ ಅವರಿಗೆ ಕೇಳಿಸಲ್ಲ."