ನೆತ್ತಿಯ ಸುಣ್ಣ

ಕಣ್ಣು ಮುಚ್ಚಿ ಕುಣಿಯುತ್ತ ಮೈಮರೆತವರ ಕಾಲು ನೆಲ ಬಿಡುವುದು ನಮ್ಮೂರಲ್ಲಿ ಯಾರಿಗೂ ವಿಶೇಷವಲ್ಲ. ಮಠದ ಪಡಸಾಲೆಯ ಫ್ಯಾನುಗಳನ್ನು ಎಂದೋ ಬಿಚ್ಚಿಟ್ಟಿದ್ದಾರೆ. ಮೇಲೇರಿದವರ ನೆತ್ತಿಗೆ ಚಾವಣಿಯ ಸುಣ್ಣ ಹತ್ತುತ್ತದೆ. ಅದನ್ನು ಒರೆಸಿಕೊಳ್ಳದೆ ಹೆಮ್ಮೆಯಿಂದಲೇ ಮನೆಗೆ ಹೋಗುತ್ತಾರೆ.

ಕಸ್ತೂರಿ ಮಾತ್ರ ಓಣಿಯ ನಳದಲ್ಲಿ ತಲೆ ತೊಳೆದುಕೊಂಡಳು. ಗಂಡ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ದುಃಖ ಇದ್ದವರ ಮೈ ನೆಲ ಬಿಡುವುದಿಲ್ಲ ಅಂತಾರೆ. ಅವಳು ಮಠಕ್ಕೆ ಅಳಲೆಂದೇ ಹೋಗಿದ್ದಳು. ಡೊಳ್ಳಿನ ಸದ್ದು ಕೇಳಿದ್ದೇ ತಡ, ಮೈ ಅರಳೆಯಂತೆ ಮೇಲೆದ್ದಿತ್ತು.

“ತಲಿ ಯಾಕ ತೊಯ್ದೈತಿ?” ಅತ್ತೆ ನಾಗವ್ವ ಕೇಳಿದರು.

“ಭಾಳ ಶಕಿ ಆಗಿತ್ರಿ ಅತ್ತಿ, ನಳದಾಗ ತೊಳಕೊಂಡೆ.”

ಮಗನನ್ನು ಕಳೆದುಕೊಂಡ ಅತ್ತೆಯ ಮುಖ ನೋಡಲಾಗದೆ ಕಸ್ತೂರಿ ಎಣ್ಣೆಯ ಬಟ್ಟಲು ತಂದಳು. “ಕುಂಡ್ರಿ, ತಲಿಗೆ ಎಣ್ಣಿ ಹಚ್ತೀನಿ.”

“ಇವತ್ತು ಬ್ಯಾಡ,” ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡರು.

ಕಸ್ತೂರಿ ಕೇಳಲಿಲ್ಲ. ಹಿಂದೆ ಕೂತು, ಸೆರಗು ಸರಿಸಿ, ನೆತ್ತಿಗೆ ಎಣ್ಣೆ ಒತ್ತಿದಳು. ಕೈ ತೆಗೆದಾಗ ಅಂಗೈ ತುಂಬ ಸುಣ್ಣ.

ಅತ್ತೆ ತಿರುಗಿ ನೋಡಲಿಲ್ಲ.

“ಅಳಾಕಂತನ ಹೋಗಿದ್ದೆ, ಯವ್ವಾ,” ಎಂದರು.