ಪಾಲಿಗೆ ಬಂದ ಹೂವು

ಆ ಬೆಳಗ್ಗೆ ಚನ್ನರಾಯಪಟ್ಟಣದಲ್ಲಿ ಎಂಥ ಮಂಜು ಎಂದರೆ, ನುಗ್ಗೇಹಳ್ಳಿ ಬಸ್ಸು ಕಣ್ಣಿಗೆ ಬೀಳುವ ಮೊದಲೇ ಅದರ ಹಾರ್ನ್ ಸದ್ದು ಮನೆಯೊಳಗೆ ಕೇಳಿಸಿತು. ಮಲ್ಲಿಗಮ್ಮ ಬುದ್ಧನ ಪಟದ ಮುಂದೆ ದೀಪ ಹಚ್ಚಿ ಕೈಮುಗಿದಳು. ಮುಗಿದ ಕೈ ಬಿಡಿಸದೆಯೇ ಬಂದು ಗಾಜಿನ ತೊಟ್ಟಿಯ ಮುಂದೆ ನಿಂತಳು. ಉಪ್ಪುನೀರಿನಲ್ಲಿ ಕಡಲಹೂವು ತನ್ನ ನೂರಾರು ಬೆರಳುಗಳನ್ನು ಬಿಚ್ಚಿ ಆಡುತ್ತಿತ್ತು. ಹೆಸರಿಗೆ ಹೂವು, ಆದರೆ ಉಣ್ಣುವ, ನಡೆಯುವ ಜೀವ.

“ಶೋಭೀ, ಇವತ್ತು ಇದರ ಒಡೆಯ ಬತ್ತಾನಲ್ಲ, ಯಾವ ಮಖ ಇಟ್ಕಂಡು ಕೊಡಾನೇ? ಮಲ್ಲಿಗೆ ಅಂಗೆ ಬೆಳ್ಳಗೆ ಬಂದಿತ್ತು. ಈಗ ನೋಡು, ಬೆಲ್ಲದ ಪಾಕ ಆಗೋಗದೆ.”

“ಕೆಟ್ಟಿಲ್ಲ ಅಂತ ಎಷ್ಟು ಸಲ ಹೇಳ್ಲವ್ವ? ಅವರು ಬರಲಿ, ಅವರ ಮುಂದೆ ಹೇಳಿದ್ರಾದ್ರೂ ನಂಬು,” ಎಂದಳು ತಲೆ ಬಾಚುತ್ತಿದ್ದ ಮಗಳು ಶೋಭಿತಾ.

ಶೋಭಿತಾಳಿಗೆ ಕಡಲಮೀನು ಸಾಕುವ ಹುಚ್ಚು ಹತ್ತಿಸಿದವನು ಆಸ್ಪತ್ರೆಯ ಲ್ಯಾಬಿನಲ್ಲಿ ಜೊತೆಗಿದ್ದ ದಿಲೀಪ್. ಹಾಸನಕ್ಕೆ ವರ್ಗವಾದಾಗ ಅವನು ತನ್ನ ಹೂವನ್ನು ಇಲ್ಲಿ ಬಿಟ್ಟು, “ಅಮ್ಮಾ, ಪಾಲಿಗೆ ಸಾಕಿ. ಮರಿ ಹಾಕಿದ್ರೆ ನಿಮಗೊಂದು, ನನಗೊಂದು” ಎಂದು ನಕ್ಕು ಹೋಗಿದ್ದ. ಅವನಿಗದು ತಮಾಷೆ. ಆದರೆ ಮಲ್ಲಿಗಮ್ಮ ನುಗ್ಗೇಹಳ್ಳಿಯಲ್ಲಿ ಜೀವಮಾನವೆಲ್ಲ ಊರವರ ಹಸು ಪಾಲಿಗೆ ಸಾಕಿದವಳು. ಒಂದು ಸಲವೂ ಬಡಕಲು ಹಸು ವಾಪಸು ಕೊಟ್ಟವಳಲ್ಲ. ಇದನ್ನೂ ಹಾಗೇ ನೋಡಿಕೊಂಡಳು. ಹೊತ್ತಿಗೆ ಸರಿಯಾಗಿ ತೊಟ್ಟಿಯ ದೀಪ ಹಾಕಿದಳು, ಆರಿಸಿದಳು. ಕಡ್ಡಿಯ ತುದಿಯಲ್ಲಿ ಸಿಗಡಿ ಚೂರು ಉಣಿಸಿದಳು. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಅದಕ್ಕೇ ನೀರಿಳಿದಾಗಲೆಲ್ಲ ಬರೀ ಫಿಲ್ಟರ್ ನೀರು ಸುರಿಯಬೇಕು. ಎಲ್ಲಿಯವರೆಗೆ ಎಂದು ತಿಳಿಯಲು ಗಾಜಿಗೊಂದು ಕೆಂಪು ಬಿಂದಿ ಅಂಟಿಸಿದ್ದಳು.

ಮುಚ್ಚಳದ ಬಕೆಟ್ಟು ಹಿಡಿದು ಬಂದ ದಿಲೀಪ್ ತೊಟ್ಟಿಗೆ ಬಗ್ಗಿದವನೇ ಮುಖ ಚಿಕ್ಕದು ಮಾಡಿದ. “ಇದಾ? ನಂದು ಬೆಳ್ಳಗಿತ್ತಲ್ಲ!”

“ಹಸಿದಿತ್ತು ದಿಲೀಪ್,” ಎಂದಳು ಶೋಭಿತಾ. “ ಇದರ ಮೈಯೊಳಗೆ ಒಂದು ಪಾಚಿ ಇರುತ್ತೆ, ಬೆಳಕನ್ನ ಅನ್ನ ಮಾಡಿ ಇದಕ್ಕೆ ಉಣಿಸೋದು ಅದೇ. ನಿಮ್ಮ ಮನೆ ಲೈಟು ಸಾಲದೆ ಆ ಪಾಚಿ ಹೋಗಿ ಬಿಳಿಚಿಕೊಂಡಿತ್ತು. ಇದರ ಸ್ವಂತ ಬಣ್ಣ ಇದೇ.”

“ಅಯ್ಯೋ, ಬಂದೋರೆಲ್ಲ ಎಷ್ಟು ಚೆಂದ ಅಂತಿದ್ರು. ನಾನೂ ಬೀಗ್ತಿದ್ದೆ,” ಎಂದ ದಿಲೀಪ್ ಮೆಲ್ಲಗೆ.

ಮಲ್ಲಿಗಮ್ಮನ ಎದೆ ಹಗುರಾಯಿತು. “ಅಂಗಾರೆ ಮೈ ತುಂಬ್ಕಂಡದೆ ಅನ್ನು! ಸರಿ, ಈಗ ಪಾಲು ಮಾಡಾನ.”

“ಯಾವ ಪಾಲಮ್ಮ?”

“ನೀನೇ ಆಡಿದ ಮಾತು ಕಣಪ್ಪ. ಇಲ್ನೋಡು.”

ಹೂವು ಈಚೆಗೆ ತನ್ನ ಮೈಯನ್ನು ತಾನೇ ಸೀಳಿಕೊಂಡು ಎರಡಾಗಿತ್ತು. ಗಾಜಿಗೆ ಕಚ್ಚಿಕೊಂಡದ್ದು ಊಟದ ತಟ್ಟೆಯಷ್ಟಗಲ. ಕಲ್ಲಿನ ಹಿಂದೆ ಸರಿದದ್ದು ಅಂಗೈಯಷ್ಟು.

“ತಾಯಿ ಯಾವುದು, ಕರ ಯಾವುದು?” ಮಲ್ಲಿಗಮ್ಮ ಕೇಳಿದಳು.

“ಇದರಲ್ಲಿ ತಾಯಿ ಮಗು ಅಂತಿಲ್ಲವ್ವ. ಒಂದೇ ಮೈ ಎರಡಾಗಿರೋದು,” ಎಂದಳು ಶೋಭಿತಾ.

“ಹಾಗಾದ್ರೆ ದೊಡ್ಡದು ಸಾಕಿದೋರಿಗೆ. ನನಗೆ ಚಿಕ್ಕದೇ ಇರಲಮ್ಮ,” ಎಂದ ದಿಲೀಪ್.

ಮಲ್ಲಿಗಮ್ಮ ಬಾಯಿ ತುಂಬ ನಕ್ಕಳು. “ಒಡೇರು ಚಿಕ್ಕದು ಆರಿಸ್ಕಂಡಿದ್ದ ನಾನೆಲ್ಲೂ ಕಾಣೆ ಕಣಪ್ಪ! ಓಗು, ಕಾಫಿ ಕುಡಿ. ಮಂಜು ಕರಗ್ಲಿ.”

ಅವರಿಬ್ಬರೂ ಅಡುಗೆಮನೆಯಲ್ಲಿ ಎಂಥ ಲೈಟು ತರಬೇಕೆಂದು ಮಾತಾಡುತ್ತಿದ್ದಾಗ, ಮಲ್ಲಿಗಮ್ಮ ಸೋಪು ಮುಟ್ಟದೆ ಕೈ ತೊಳೆದು ತೊಟ್ಟಿಗೆ ಇಳಿಬಿಟ್ಟಳು. ಕರುವಿನ ಬಾಯಿಂದ ಮೊಲೆ ಬಿಡಿಸುವಂತೆ, ಹೂವಿನ ಪಾದದಡಿಗೆ ಕಿರುಬೆರಳು ತೂರಿಸಿ, ಅದು ತಾನಾಗಿ ಬಿಡುವವರೆಗೆ ಕಾದಳು. ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತುಂಬಿದಳು. ಗಾಜಿನ ಮೇಲಿನ ಬಿಂದಿ ಕಿತ್ತು ಮುಚ್ಚಳಕ್ಕೆ ಅಂಟಿಸಿ, ಕಾಫಿ ಮುಗಿಸಿ ಬಂದ ದಿಲೀಪನ ಕೈಗೆ ಬಕೆಟ್ಟು ಕೊಟ್ಟಳು. “ನಿನ್ನ ತೊಟ್ಟಿಗೆ ಅಂಟಿಸ್ಕೊ. ನೀರು ಇದರಿಂದ ಕೆಳಕ್ಕೆ ಇಳೀಬಾರ್ದು” ಎಂದಳು.

ಗೇಟಿನ ಬಳಿ ದಿಲೀಪ್ ಮುಚ್ಚಳ ಎತ್ತಿ ನೋಡಿದ. ಬಕೆಟ್ಟಿನ ತಳ ತುಂಬ ದೊಡ್ಡ ಹೂವು ಬೆಲ್ಲದ ಬಣ್ಣದಲ್ಲಿ ಅರಳುತ್ತಿತ್ತು. ಅವನು ಹಿಂದಿರುಗಿ ನೋಡಿದ. ತೆರೆದ ಬಾಗಿಲಿನಾಚೆ ಮಲ್ಲಿಗಮ್ಮ ಚಿಕ್ಕ ಹೂವಿನ ಮುಂದೆ ಬಗ್ಗಿ, ತನ್ನ ಹಣೆಯ ಬಿಂದಿ ತೆಗೆದು ಗಾಜಿಗೆ ಒತ್ತುತ್ತಿದ್ದಳು.