ರಸ್ತೆಯಾಚೆಯ ಆರತಿ

"ಅಲ್ಲೇ ನಿಂತ್ಕಳಿ! ಒಳಕ್ಕೆ ಬರಬ್ಯಾಡಿ!"

ಮಾರಯ್ಯ ಕಿರುಚಿದ ರಭಸಕ್ಕೆ, ಉರಿಯುವ ಕರ್ಪೂರದ ತಟ್ಟೆ ಹಿಡಿದು ಶೆಡ್ಡಿನ ಗೇಟು ದಾಟುತ್ತಿದ್ದ ಪುಟ್ಟಬಸಪ್ಪನವರು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತುಬಿಟ್ಟರು. ಯಳಂದೂರು ಕಡೆಯ ತಮ್ಮೂರಿನಲ್ಲಿ ನಾಲ್ಕು ಜನಕ್ಕೆ ಏಳು ಅಂದು, ಕೂರು ಅಂದು ರೂಢಿಯಾದವರು ಅವರು. ತಿರುಗಿ ಅವರಿಗೇ ಅಪ್ಪಣೆ ಕೊಟ್ಟವನು ಅರವತ್ತೆರಡು ವರ್ಷದಲ್ಲಿ ಇವನೇ ಮೊದಲು. ಅದೂ ಅದೇ ಊರಿನ ಮಾರಯ್ಯ!

ಹದಿನೆಂಟು ವರ್ಷ ಕಂಡವರ ಶೆಡ್ಡಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆದ ಮಾರಯ್ಯ, ಮೂರು ತಿಂಗಳ ಹಿಂದಷ್ಟೇ ಕೊಳ್ಳೇಗಾಲದ ಹನೂರು ರಸ್ತೆಯಲ್ಲಿ ಸ್ವಂತ ಶೆಡ್ಡು ಹಾಕಿದ್ದ. ಪುಟ್ಟಬಸಪ್ಪನವರ ಹಳೇ ಟ್ರ್ಯಾಕ್ಟರಿಗೆ ಕೆಂಪು ಬಣ್ಣ ಹೊಡೆದು ಮದುವಣಗಿತ್ತಿಯಂತೆ ನಿಲ್ಲಿಸಿದ್ದ. ಮಧ್ಯಾಹ್ನ ಬನ್ನಿ ಎಂದೂ ಹೇಳಿದ್ದ. ಆದರೆ ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಚಕ್ರ ಉರುಳಬೇಕೆಂದು ಯಜಮಾನರು ಹತ್ತಕ್ಕೇ ಹೆಂಡತಿ ಸಮೇತ ಹಾಜರು. ಅವರನ್ನು ಕಂಡ ಗಡಿಬಿಡಿಯಲ್ಲಿ ಮಾರಯ್ಯನ ಮೊಣಕೈ ತಗುಲಿ ಬಣ್ಣಕ್ಕೆ ಬೆರೆಸುವ ಥಿನ್ನರಿನ ಐದು ಲೀಟರ್ ಡಬ್ಬ ಮಗುಚಿಕೊಂಡಿತ್ತು. ನೆಲವೆಲ್ಲ ಥಿನ್ನರ್, ಅವನ ಪ್ಯಾಂಟೂ ಥಿನ್ನರ್.

"ಯಾಕ್ಲಾ ಅಂಗೆ ಬಡ್ಕತೀಯ? ಇದು ಕರ್ಪೂರ ಕಣ್ಲಾ, ಬಾಂಬಲ್ಲ" ಎಂದರು ಪುಟ್ಟಬಸಪ್ಪ.

"ಬಾಂಬು ಇಲ್ಲೇ ಅದೆ ಯಜಮಾನ್ರೇ, ನನ್ ಶೆಡ್ನಲ್ಲಿ! ಥಿನ್ನರ್ ಚೆಲ್ಲೋಗದೆ. ಅದ್ರ ಆವಿ ಕಣ್ಗೆ ಕಾಣಲ್ಲ, ನೆಲಕ್ಕೆ ಅಂಟ್ಕಂಡು ತೆವಳ್ತದೆ. ನೀವು ಬೆಂಕಿ ತರದೇ ಬ್ಯಾಡ, ಬೆಂಕಿ ಇರೋ ಕಡೀಕೆ ಅದೇ ಬತ್ತದೆ. ಇಂದಕ್ಕೆ ಓಗಿ, ಇನ್ನೂ ಇಂದಕ್ಕೆ!"

"ಬರೀ ವಾಸನೆಗೆಲ್ಲ ಬೆಂಕಿ ಅತ್ತದಾ?"

"ಮೈಸೂರಲ್ಲಿ ನಮ್ ಉಸ್ತಾದ್ರೂ ಇದೇ ಮಾತು ಅಂದಿದ್ರು. ಬೀಡಿ ಅಂಟ್ಸಿದ್ದು ಬಾಗ್ಲಾಚೆ, ಉರಿದದ್ದು ಒಳಗೆ. ಅವ್ರ ಹುಬ್ಬು ಇವತ್ಗೂ ಬೆಳ್ದಿಲ್ಲ."

ಹುಬ್ಬಿನ ಮಾತು ಕಿವಿಗೆ ಬಿದ್ದದ್ದೇ ಶಿವರತ್ನಮ್ಮನವರು ಗಂಡನ ತೋಳು ಹಿಡಿದು ಗೇಟಿನಾಚೆಗೆ ಎಳೆದುಕೊಂಡರು. ಆದರೆ ಹಚ್ಚಿದ ಆರತಿ ಎತ್ತುವ ಮೊದಲೇ ಆರಿದರೆ ಅಪಶಕುನ. ಆಯಮ್ಮ ಡಬ್ಬಿಯಿಂದ ಒಂದೊಂದೇ ಕರ್ಪೂರದ ಬಿಲ್ಲೆ ತೆಗೆದು ತಟ್ಟೆಗೆ ಹಾಕುತ್ತಲೇ ಇದ್ದರು. ಹೀಗಾಗಿ ಜಗಳಕ್ಕೂ ಬೆಂಕಿಗೂ ಯಾವ ಕೊರತೆಯೂ ಆಗಲಿಲ್ಲ.

"ಅಂಗಾರೆ ಗಾಡೀನೇ ಈಚೆಗೆ ತಳ್ಳಪ್ಪ ಮಾರಯ್ಯ" ಎಂದರು ಶಿವರತ್ನಮ್ಮ.

"ನೀನ್ ಸುಮ್ಕಿರು!" ಪುಟ್ಟಬಸಪ್ಪ ಗುಡುಗಿದರು. "ಆರತಿ ಎತ್ತದೆ, ನಿಂಬೆಣ್ಣು ತುಳೀದೆ ಚಕ್ರ ಒಂದಿಂಚು ಉರುಳಂಗಿಲ್ಲ."

ಅಲ್ಲಿಗೆ ಎಲ್ಲ ಕಗ್ಗಂಟಾಯಿತು. ಆರತಿ ಆಗದೆ ಟ್ರ್ಯಾಕ್ಟರು ಹೊರಗೆ ಬರುವಂತಿಲ್ಲ, ಆರತಿ ಒಳಗೆ ಹೋಗುವಂತಿಲ್ಲ. ಗಂಟೆ ಹತ್ತೂ ಹದಿನೈದು. ಓಡಿ ಹೋಗಿ ತಟ್ಟೆ ಕಿತ್ತುಕೊಳ್ಳೋಣವೆಂದರೆ ಮಾರಯ್ಯನೇ ಎಣ್ಣೆಯಲ್ಲಿ ನೆನೆದ ಬತ್ತಿ. ಹದಿನೆಂಟು ವರ್ಷದ ದುಡಿಮೆ ಒಂದು ಕರ್ಪೂರದ ಬಿಲ್ಲೆಗೆ ಹೋಗಿಬಿಡುತ್ತಲ್ಲ ಎಂದು ಅವನಿಗೆ ಅಳುವೇ ಬಂತು.

"ಯಜಮಾನ್ರೇ, ಕಾಲಿಗ್ ಬೀಳವಾ ಅಂದ್ರೂ ನಿಮ್ಮತ್ರ ಬರಂಗಿಲ್ಲ ನಾನು. ಬಂದ್ರೆ ನಾನೇ ಅತ್ಕಂಡ್ ಉರೀತೀನಿ. ರಸ್ತೆ ದಾಟಿ ಆ ಹುಣಸೇಮರದತ್ರ ಓಗಿ ನಿಂತ್ಕಳಿ. ಅಲ್ಲಿಂದ್ಲೇ ಆರತಿ ಎತ್ತಿ. ಕರ್ಪೂರ ಪೂರ್ತಿ ಆರಿದ್ ಮ್ಯಾಲೆ ನಾನು ಬ್ರೇಕು ಬುಡ್ತೀನಿ. ನೆಲ ಇಳಿಜಾರದೆ, ಇಂಜಿನ್ ಮುಟ್ಟದೇ ಬ್ಯಾಡ. ನಿಂಬೆಣ್ಣ ಮ್ಯಾಲೆ ತಾನೇ ಉರುಳ್ಕಂಡು ಬತ್ತದೆ."

ಗಂಡ ಹೆಂಡತಿ ತಟ್ಟೆ ಸಮೇತ ರಸ್ತೆ ದಾಟಿದರು. ಮಾರಯ್ಯ ಟ್ರ್ಯಾಕ್ಟರಿನ ಚಕ್ರಗಳ ಮುಂದೆ ತಾನೇ ತಂದಿಟ್ಟುಕೊಂಡಿದ್ದ ನಿಂಬೆಹಣ್ಣು ಇಡತೊಡಗಿದ. ಅಷ್ಟರಲ್ಲಿ ನಡುವೆ ಹನೂರಿನ ಬಸ್ಸೊಂದು ಬಂತು. ಮರದ ಕೆಳಗೆ ಆರತಿ ಕಂಡ ಪ್ರಯಾಣಿಕರು, ಎದುರಿಗೆ ಯಾವ ದೇವರಿದೆಯೋ ಏನೋ ಎಂದು ಶೆಡ್ಡಿನ ಕಡೆ ತಿರುಗಿ ಕೈಮುಗಿದುಕೊಂಡೇ ಹೋದರು. ಶಿವರತ್ನಮ್ಮನವರಿಗೆ ನಗು ತಡೆಯಲಾಗಲಿಲ್ಲ.

ಪುಟ್ಟಬಸಪ್ಪನವರು ಮಾತ್ರ ನಗಲಿಲ್ಲ. ಆ ಟ್ರ್ಯಾಕ್ಟರೆಂದರೆ ಅವರಿಗೆ ಜೀವ. ಮನೆಗೆ ಬಂದಾಗಿನಿಂದ ಒಂದೇ ಒಂದು ಹಬ್ಬಕ್ಕೂ ಅದರ ಮೂತಿ ಸವರದೆ ಆರತಿ ಎತ್ತಿದವರಲ್ಲ. ಈಗ ನೋಡಿದರೆ ಅದು ಅಷ್ಟು ದೂರದಲ್ಲಿ, ಯಾರದೋ ಗಾಡಿಯ ಹಾಗೆ ನಿಂತಿದೆ. ಅವರಿಗೆ ನಿಜಕ್ಕೂ ಸಂಕಟವಾಯಿತು. ಗಂಟಲಿನ ಗುಡುಗೆಲ್ಲ ಇಳಿದುಹೋಗಿತ್ತು.

"ಇಷ್ಟು ದೂರದಿಂದ ಎತ್ತಿದ್ರೆ ತಲುಪ್ತದೇನ್ಲಾ, ಮಾರಯ್ಯ?"

ಮಾರಯ್ಯ ಕೊನೆಯ ನಿಂಬೆಹಣ್ಣು ಇಟ್ಟು ಎದ್ದು ನಿಂತ. ಅವನ ದನಿಯಲ್ಲಿ ಕೊಂಕೇನೂ ಇರಲಿಲ್ಲ.

"ತಲುಪ್ತದೆ ಬುಡಿ ಯಜಮಾನ್ರೇ. ನಮ್ಮಪ್ಪ ಸಾಯೋಗಂಟ ಊರ ಗುಡಿ ಮುಂದೆ ಇಷ್ಟೇ ದೂರದಲ್ಲಿ ನಿಂತ್ಕಂಡು ಆರತಿ ತಕ್ಕಂಡ. ತಲುಪ್ತದೆ ಕಣ್ಲಾ ಅಂತ ನೀವೇ ಯೋಳ್ತಿದ್ರಿ."